ಅದರುವಾಯು ಮತ್ತು ಕಳವಳ ಕಳೆಯುವ ಮದ್ದು

ಕೈಯನ್ನು ತೊಡೆಯ ಮೇಲೆ ಸುಮ್ಮನೆ ಇರಿಸಿದಾಗಲೂ ಜಪಮಣಿ ಎಣಿಸುವಂತೆ ಬೆರಳುಗಳು ಅದುರುವ ವೃದ್ಧರನ್ನು ನೀವು ಕಂಡಿರಬಹುದು. ಹೊಳಲ್ಕೆರೆಯ ಸಂತೆಯಲ್ಲಿ ನಾಲ್ವರ ಮುಂದೆ ಚಿಲ್ಲರೆ ಎಣಿಸಬೇಕಾಗಿ ಬಂದರೆ ಆ ನಡುಕ ಇಮ್ಮಡಿಸುತ್ತದೆ. ಇದೇ ಅದರುವಾಯು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ ೧೮೧೭ರಲ್ಲಿ ಇದನ್ನು ವಿವರಿಸಿದುದರಿಂದ ಪಾರ್ಕಿನ್‌ಸನ್ ರೋಗವೆಂದೂ ಹೆಸರಾಯಿತು.

ಇದರ ಮೂಲ ನಡುಮಿದುಳಿನಲ್ಲಿದೆ. ಅಲ್ಲಿನ ಕಪ್ಪುಬಣ್ಣದ ನರಕೋಶಗಳು ಡೋಪಮೀನ್ ಎಂಬ ವಸ್ತುವನ್ನು ತಯಾರಿಸುತ್ತವೆ. ಚಲನೆಯು ಹದವಾಗಿರಲು ಅದು ಅಗತ್ಯ. ಈ ಕೋಶಗಳು ಹಲವು ವರ್ಷ ಸದ್ದಿಲ್ಲದೆ ನಶಿಸಿ, ಸುಮಾರು ಅರ್ಧದಷ್ಟು ಅಳಿದ ಮೇಲೆ ನಡುಕ, ಬಿಗಿತ, ನಿಧಾನಗತಿಗಳು ಹೊರಗೆ ಕಾಣುತ್ತವೆ.

ಕಳವಳದಿಂದ ನಡುಕ ಹೆಚ್ಚುವುದೇಕೆ? ಮನಸ್ಸು ಅಂಜಿದಾಗ ಅಡ್ರಿನಲಿನ್ ರಕ್ತಕ್ಕೆ ಸೇರಿ ಸ್ನಾಯುಗಳನ್ನು ಕೆರಳಿಸುತ್ತದೆ. ಪರೀಕ್ಷೆಯ ದಿನ ನಿಮ್ಮ ಕೈ ನಡುಗುವುದೂ ಇದರಿಂದಲೇ. ಮೇಲಾಗಿ, ಈ ರೋಗಿಗಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ತೀವ್ರ ಕಳವಳವಿರುತ್ತದೆ. ಅದು ಹೇಡಿತನವಲ್ಲ, ರೋಗದ್ದೇ ಒಂದು ಅಂಗ.

ಕಳವಳ ತಗ್ಗಿಸುವ ಬೆಂಜೊಡಯಜೆಪೀನ್ ವರ್ಗದ ಮದ್ದುಗಳಲ್ಲಿ ಮೊದಲನೆಯದು ೧೯೬೦ರಲ್ಲಿಯೂ, ಡಯಜೆಪಾಮ್ ೧೯೬೩ರಲ್ಲಿಯೂ ಬಳಕೆಗೆ ಬಂದವು. ಮಿದುಳಿನಲ್ಲಿರುವ ಗ್ಯಾಬಾ ಎಂಬ ವಸ್ತು ನರಕೋಶಗಳ ಉದ್ರೇಕಕ್ಕೆ ಕಡಿವಾಣದಂತಿದೆ. ಈ ಮದ್ದುಗಳು ಆ ಕಡಿವಾಣವನ್ನು ಬಿಗಿಗೊಳಿಸುತ್ತವೆ. ಮನಸ್ಸು ಶಾಂತವಾದಂತೆ ಕಳವಳದಿಂದ ಹೆಚ್ಚಿದ್ದ ನಡುಕವೂ ಇಳಿಯಬಹುದು. ನಿದ್ರೆಯಲ್ಲಿ ಕನಸಿಗೆ ತಕ್ಕಂತೆ ಕೈಕಾಲು ಬಡಿಯುವ ರೋಗಿಗಳಿಗೆ ಕ್ಲೊನಜೆಪಾಮ್ ಕೊಡುವುದುಂಟು.

ಹಾಗಾದರೆ ರೋಗವೇ ವಾಸಿಯಾಯಿತೆ? ಇಲ್ಲ. ಹಿರಿಯೂರಿನ ಬಳಿ ೧೯೦೭ರಲ್ಲಿ ಪೂರ್ಣಗೊಂಡ ವಾಣೀವಿಲಾಸ ಸಾಗರವನ್ನು ನೆನೆಯಿರಿ. ತೂಬನ್ನು ಸರಿಪಡಿಸಿ ಇರುವ ನೀರನ್ನು ಹದವಾಗಿ ಹರಿಯಿಸಬಹುದು. ವೇದಾವತಿ ತುಂಬಿ ಬಾರದೆ ಜಲಾಶಯ ತುಂಬದು. ಕಳವಳದ ಮದ್ದು ತೂಬಿನ ಕೆಲಸವನ್ನಷ್ಟೇ ಮಾಡುತ್ತದೆ. ಕೊರತೆಯನ್ನು ತುಂಬುವ ಮದ್ದು ಲೆವೊಡೋಪ. ಅದು ಮಿದುಳಿನಲ್ಲಿ ಡೋಪಮೀನಾಗಿ ಮಾರ್ಪಡುತ್ತದೆ. ಆದರೆ ಅಳಿದ ಕೋಶಗಳನ್ನು ಅದೂ ಮರಳಿಸಲಾರದು.

ಕಡಿವಾಣ ಅತಿಯಾದರೆ ಅಪಾಯ. ಮಂಪರು, ಮರೆವು, ಗೊಂದಲ ತಲೆದೋರುತ್ತವೆ. ಮೊದಲೇ ಆಯ ತಪ್ಪುವ ವೃದ್ಧರು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳಬಹುದು. ಬಹುಕಾಲ ಸೇವಿಸಿದರೆ ದೇಹವು ಮದ್ದಿಗೆ ಒಗ್ಗಿಹೋಗುತ್ತದೆ. ಆಗ ಥಟ್ಟನೆ ನಿಲ್ಲಿಸಿದರೆ ಕಳವಳ ಮರಳುವುದಲ್ಲದೆ ಸೆಳವೂ ಬರಬಹುದು. ಆದುದರಿಂದ ವೈದ್ಯರು ಅಲ್ಪ ಪ್ರಮಾಣದಲ್ಲಿ ಆರಂಭಿಸಿ, ಬಿಡಿಸುವಾಗಲೂ ಮೆಲ್ಲಮೆಲ್ಲನೆ ಇಳಿಸುತ್ತಾರೆ.

ನರರೋಗಗಳ ಚಿಕಿತ್ಸೆಗೆ ಹೆಸರಾದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಚಿತ್ರದುರ್ಗದಿಂದ ಸುಮಾರು ೨೦೦ ಕಿಲೋಮೀಟರ್ ದೂರದಲ್ಲಿದೆ. ಹೊಸದುರ್ಗದ ಹಳ್ಳಿಯೊಂದರ ರೋಗಿಗೆ ಮುಂದಿನ ಭೇಟಿಗೆ ಮೊದಲೇ ಮಾತ್ರೆ ತೀರಿದರೆ, ನೆರೆಯವರ ಮಾತ್ರೆ ನುಂಗುವುದೂ ತಾನಾಗಿ ನಿಲ್ಲಿಸುವುದೂ ಎರಡೂ ಕೇಡು. ಸಮೀಪದ ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ಚೀಟಿಯನ್ನು ತೋರಿಸಬೇಕು. ಎಷ್ಟೋ ಮನೆಗಳಲ್ಲಿ ಅಜ್ಜನ ಚೀಟಿಯನ್ನು ಓದಿ ಹೇಳುವವರು ವಿದ್ಯಾರ್ಥಿಗಳಾದ ನೀವೇ. ಮಾತ್ರೆ ಇನ್ನೆಷ್ಟು ದಿನಕ್ಕೆ ಉಳಿದಿದೆಯೆಂದು ಎಣಿಸಿಡುವುದೂ ಆ ಚಿಕಿತ್ಸೆಯ ಒಂದು ಭಾಗವೆಂದು ತಿಳಿಯಿರಿ.