ರಸಾಯನಶಾಸ್ತ್ರದ ಪಿಎಚ್.ಡಿ.ಗೆ ವಿದೇಶಕ್ಕೆ ಅರ್ಜಿ: ವಿದ್ಯಾರ್ಥಿಗಳಿಗೂ ಪಾಲಕರಿಗೂ

ವಿದ್ಯಾರ್ಥಿವೇತನದ ಅರ್ಜಿ ಹಿಡಿದು ಬರುವ ಪಾಲಕರು "ಮಗನನ್ನು ಫಾರಿನ್‌ಗೆ ಓದಲು ಕಳಿಸಬೇಕು, ಎಷ್ಟು ಲಕ್ಷ ಆಗುತ್ತದೆ?" ಎಂದೇ ಮಾತು ಶುರು ಮಾಡುತ್ತಾರೆ. ಎಂ.ಎಸ್. ಕೋರ್ಸಿಗಾದರೆ ಆ ಪ್ರಶ್ನೆ ಸರಿ. ರಸಾಯನಶಾಸ್ತ್ರದ ಪಿಎಚ್.ಡಿ.ಗೆ ಅದು ಸಲ್ಲುವುದಿಲ್ಲ. ಅಮೆರಿಕದ ಬಹುತೇಕ ವಿಶ್ವವಿದ್ಯಾಲಯಗಳ ರಸಾಯನಶಾಸ್ತ್ರ ವಿಭಾಗಗಳು ಪಿಎಚ್.ಡಿ.ಗೆ ಆಯ್ಕೆಯಾದವರ ಬೋಧನಾ ಶುಲ್ಕ ಮನ್ನಾ ಮಾಡಿ, ಜೀವನಕ್ಕೆ ಸಾಲುವಷ್ಟು ಭತ್ಯೆಯನ್ನೂ ಕೊಡುತ್ತವೆ. ಬದಲಿಗೆ ವಿದ್ಯಾರ್ಥಿಯು ಅಲ್ಲಿನ ಪದವಿ ತರಗತಿಯವರಿಗೆ ಪ್ರಯೋಗಾಲಯದಲ್ಲಿ ಕಲಿಸಬೇಕು, ಉತ್ತರಪತ್ರಿಕೆ ತಿದ್ದಬೇಕು. ಮುಂದೆ ಅದೇ ಭತ್ಯೆ ಮಾರ್ಗದರ್ಶಕರ ಸಂಶೋಧನಾ ಅನುದಾನದಿಂದ ಬರುತ್ತದೆ. ಜರ್ಮನಿಯಲ್ಲಿ ಪಿಎಚ್.ಡಿ. ವಿದ್ಯಾರ್ಥಿ ಹೆಚ್ಚಾಗಿ ವಿಶ್ವವಿದ್ಯಾಲಯದ ಸಂಬಳದ ನೌಕರನೇ ಆಗಿರುತ್ತಾನೆ.

ಇದನ್ನು ಮೊದಲೇ ಹೇಳಲು ಕಾರಣವಿದೆ. ತೋಟದ ಪಾಲು ಮಾರಿ, ಬಡ್ಡಿ ಸಾಲ ತೆಗೆದು ಎಂ.ಎಸ್.ಗೆ ಕಳಿಸುವ ಮನೆಗಳಿವೆ. ಬಡ್ಡಿಯ ಭಯಕ್ಕೆ ಮಗಳ ಓದನ್ನೇ ಎಂ.ಎಸ್ಸಿ.ಗೆ ನಿಲ್ಲಿಸುವ ಮನೆಗಳೂ ಇವೆ. ಬಡ್ಡಿಯ ಸೋಂಕಿಲ್ಲದ ಮೂರನೆಯ ದಾರಿಯೊಂದು ಇದೆ ಎನ್ನುವುದು ಇಬ್ಬರಿಗೂ ಗೊತ್ತಿಲ್ಲ. ಏಜೆಂಟರು ಈ ದಾರಿ ತೋರಿಸುವುದು ಅಪರೂಪ; ಇದರಲ್ಲಿ ಅವರಿಗೆ ಕಮಿಷನ್ ಹುಟ್ಟುವುದಿಲ್ಲ.

ದಾರಿ ಹೊಸದೂ ಅಲ್ಲ. ಬೆಂಗಳೂರಿನ ಸಿ.ಎನ್.ಆರ್. ರಾವ್ ಅವರು 1951ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ., 1953ರಲ್ಲಿ ಬನಾರಸ್‌ನ ಎಂ.ಎಸ್ಸಿ. ಮುಗಿಸಿ ಅಮೆರಿಕಕ್ಕೆ ಅರ್ಜಿ ಹಾಕಿದಾಗ ನಾಲ್ಕು ವಿಶ್ವವಿದ್ಯಾಲಯಗಳು ಆರ್ಥಿಕ ನೆರವಿನೊಂದಿಗೆ ಕರೆದವು. ಅವರು ಆರಿಸಿಕೊಂಡದ್ದು ಪರ್ಡ್ಯೂ. ಎರಡು ವರ್ಷ ಒಂಬತ್ತು ತಿಂಗಳಲ್ಲಿ, 1958ಕ್ಕೆ ಪಿಎಚ್.ಡಿ. ಮುಗಿಸಿ ಮರುವರ್ಷ ಬೆಂಗಳೂರಿಗೆ ಮರಳಿದರು. (ಈಗ ಐದಾರು ವರ್ಷ ಹಿಡಿಯುತ್ತದೆ; ಅವರ ಲೆಕ್ಕ ಹಿಡಿದು ಮದುವೆಯ ದಿನಾಂಕ ಗೊತ್ತುಮಾಡಬೇಡಿ.) ಅದಕ್ಕೂ ಮುಂಚೆ ಸಲೀಮುಜ್ಜಮಾನ್ ಸಿದ್ದೀಕಿ ಅವರು 1927ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಿಂದ ಡಾಕ್ಟರೇಟ್ ಪಡೆದು ಬಂದು, ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸರ್ಪಗಂಧದ ಬೇರಿನಿಂದ 1931ರಲ್ಲಿ ಒಂದು ಕ್ಷಾರಾಭವನ್ನು ಬೇರ್ಪಡಿಸಿದರು. ಹಕೀಂ ಅಜ್ಮಲ್ ಖಾನರ ನೆನಪಿಗೆ ಅದಕ್ಕೆ ಅಜ್ಮಲೀನ್ ಎಂದು ಹೆಸರಿಟ್ಟರು. ಸರ್ಪಗಂಧ ನಮ್ಮ ಘಟ್ಟದ ಕಾಡಿನ ಗಿಡವೂ ಹೌದು.

ಈಗ ಕೆಲಸದ ಮಾತು. ನಮ್ಮ ಮಕ್ಕಳು ಮೊದಲು ಎಡವುವುದು ರಸಾಯನಶಾಸ್ತ್ರದಲ್ಲಲ್ಲ, ಹೆಸರಿನಲ್ಲಿ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ‘ಮೊಹಮ್ಮದ್’, ಆಧಾರ್‌ನಲ್ಲಿ ‘ಮಹಮ್ಮದ್’, ಪದವಿ ಪತ್ರದಲ್ಲಿ ‘ಎಂ.ಡಿ.’; ತಂದೆಯ ಹೆಸರು ಒಂದರಲ್ಲಿ ಮೊದಲು, ಇನ್ನೊಂದರಲ್ಲಿ ಕೊನೆಗೆ. ಹೆಣ್ಣುಮಕ್ಕಳಿಗೆ ಒಂದರಲ್ಲಿ ‘ಬಾನು’, ಇನ್ನೊಂದರಲ್ಲಿ ‘ಬೇಗಂ’, ಮೂರನೆಯದರಲ್ಲಿ ಎರಡೂ ಇಲ್ಲ. ಇಂಗ್ಲಿಷ್ ಪರೀಕ್ಷೆಯ ದಿನ ಪಾಸ್‌ಪೋರ್ಟಿನ ಹೆಸರು ನೋಂದಣಿಯ ಹೆಸರಿಗೆ ತಾಳೆಯಾಗದಿದ್ದರೆ ಒಳಗೇ ಬಿಡುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಮನೆತನದ ಹೆಸರಿನ ಜಾಗಕ್ಕೆ ಹೋಗಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ‘ಹೆಸರು ಗೊತ್ತಿಲ್ಲ’ ಎಂದು ಅಚ್ಚಾಗುತ್ತದೆ. ಮುಂದೆ ಬ್ಯಾಂಕಿನಲ್ಲಿ, ಲೈಸೆನ್ಸಿನಲ್ಲಿ ಅದೇ ಬೆನ್ನು ಹತ್ತುತ್ತದೆ. ಆದ್ದರಿಂದ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಅಕ್ಷರಗಳನ್ನೇ ಬುನಾದಿ ಮಾಡಿಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸಿ. ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ಹೆಸರು ಎರಡು ಭಾಗದಲ್ಲಿರಲಿ. ಎಂ.ಎಸ್ಸಿ. ಮೊದಲ ವರ್ಷದಲ್ಲೇ ಇದನ್ನು ಮುಗಿಸಿದರೆ ಒಳ್ಳೆಯದು.

ಎರಡನೆಯದು ಶಿಫಾರಸು ಪತ್ರ. ಸಾಮಾನ್ಯವಾಗಿ ಮೂರು ಬೇಕು. ಹೆಸರಾಂತ ಪ್ರಾಧ್ಯಾಪಕರು "ಶಿಸ್ತಿನ ವಿದ್ಯಾರ್ಥಿ" ಎಂದು ಬರೆದ ನಾಲ್ಕು ಸಾಲಿಗಿಂತ, ನಿಮ್ಮ ಪ್ರಾಜೆಕ್ಟ್ ನೋಡಿಕೊಂಡ ಅಧ್ಯಾಪಕರು "ಮೂರು ಸಲ ಇಳುವರಿ ಬರಲಿಲ್ಲ, ದ್ರಾವಕ ಬದಲಿಸಿ ನಾಲ್ಕನೆಯ ಸಲ ಸಾಧಿಸಿದಳು" ಎಂದು ಬರೆದ ಒಂದು ಸಾಲಿಗೆ ತೂಕ ಹೆಚ್ಚು. ಪತ್ರವನ್ನು ಅವರೇ ನೇರವಾಗಿ, ಸಾಧ್ಯವಾದರೆ ಕಾಲೇಜಿನ ಇಮೇಲ್‌ನಿಂದ, ವಿಶ್ವವಿದ್ಯಾಲಯಕ್ಕೆ ಕಳಿಸಬೇಕು. ನಿಮ್ಮ ಕೈಗೆ ಕೊಡುವ ಪತ್ರವಲ್ಲ ಅದು. ನಮ್ಮಲ್ಲಿ "ನೀನೇ ಬರೆದು ತಾ, ಸಹಿ ಹಾಕುತ್ತೇನೆ" ಎನ್ನುವ ರೂಢಿಯಿದೆ. ಬೇಡ. ಬದಲಿಗೆ ನೀವು ಮಾಡಿದ ಪ್ರಯೋಗಗಳ ಒಂದು ಪುಟದ ಟಿಪ್ಪಣಿ ಕೊಟ್ಟು, ಎರಡು ತಿಂಗಳ ಮೊದಲೇ ಕೇಳಿಕೊಳ್ಳಿ. ಪ್ರಯೋಗಾಲಯದ ಅನುಭವ ಕಡಿಮೆ ಎನಿಸಿದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಮತ್ತು ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗಳಿಗೆ ಅರ್ಜಿ ಹಾಕಿ. ದುಡ್ಡು ಕಟ್ಟಿದರೆ ಲೇಖನ ಛಾಪಿಸುವ ಪತ್ರಿಕೆಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಉದ್ದೇಶ ಪತ್ರದಲ್ಲಿ "ಚಿಕ್ಕಂದಿನಿಂದಲೂ ವಿಜ್ಞಾನದಲ್ಲಿ ಆಸಕ್ತಿ" ಎಂದು ಎಲ್ಲರೂ ಬರೆಯುತ್ತಾರೆ. ಚಂದಗುಳಿಯ ಹುಡುಗನಿಗೆ ಅದಕ್ಕಿಂತ ಗಟ್ಟಿ ವಿಷಯ ಹಿತ್ತಲಲ್ಲೇ ಇದೆ. ಮಳೆಗಾಲದಲ್ಲಿ ಹೊಗೆಗೆ ಹಾಕಿ ಒಣಗಿಸುವ ಉಪ್ಪಾಗೆ ಸಿಪ್ಪೆಯ ಹುಳಿಯನ್ನು ಬಹುಕಾಲ ಸಿಟ್ರಿಕ್, ಟಾರ್ಟಾರಿಕ್ ಆಮ್ಲವೆಂದೇ ತಿಳಿಯಲಾಗಿತ್ತು. ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ತೋರಿಸಿದ್ದು ಲೂಯಿಸ್ ಮತ್ತು ನೀಲಕಂಠನ್, 1965ರಲ್ಲಿ, ಮೈಸೂರಿನ ಆಹಾರ ಸಂಶೋಧನಾಲಯದಲ್ಲಿ. ಹೊಗೆಯಲ್ಲಿ ಒಣಗಿಸಿದ್ದಕ್ಕೂ ಬಿಸಿಲಲ್ಲಿ ಒಣಗಿಸಿದ್ದಕ್ಕೂ ಆಮ್ಲದ ಪ್ರಮಾಣದಲ್ಲಿ ಏನು ವ್ಯತ್ಯಾಸ, ಅಳೆಯುವುದು ಹೇಗೆ ಎಂದು ಕೇಳಿಕೊಂಡವನು ಸಂಶೋಧಕನಂತೆ ಯೋಚಿಸಲು ಆರಂಭಿಸಿದ್ದಾನೆ. ನಂತರ ಆ ವಿಭಾಗದ ಎರಡು ಮೂರು ಪ್ರಾಧ್ಯಾಪಕರ ಇತ್ತೀಚಿನ ಕೆಲಸ ಓದಿ, ನಿಮ್ಮ ಪ್ರಶ್ನೆಗೂ ಅದಕ್ಕೂ ಇರುವ ಸಂಬಂಧ ಬರೆಯಿರಿ. ಉಪ್ಪಾಗೆ ನೆಪ ಮಾತ್ರ. ನಿಮಗೆ ಗೊತ್ತಿರುವುದನ್ನೇ ಬರೆಯಿರಿ.

ಅಂಕಗಳನ್ನು ನೀವೇ ಅಮೆರಿಕದ ನಾಲ್ಕರ ಮಾಪಕಕ್ಕೆ ಬದಲಿಸಲು ಹೋಗಬೇಡಿ. ಧಾರವಾಡದ ಅಂಕಪಟ್ಟಿ ಇದ್ದಂತೆಯೇ ಸಾಕು. ಅಂತಿಮ ಸೆಮಿಸ್ಟರ್ ಬಾಕಿಯಿದ್ದರೂ ಅರ್ಜಿ ಹಾಕಬಹುದು. ಜಿ.ಆರ್.ಇ. ಪರೀಕ್ಷೆಯನ್ನು ಅನೇಕ ವಿಭಾಗಗಳು ಕೈಬಿಟ್ಟಿವೆ. ಟೋಫೆಲ್ ಅಥವಾ ಐಇಎಲ್‌ಟಿಎಸ್ ಸಾಮಾನ್ಯವಾಗಿ ತಪ್ಪುವುದಿಲ್ಲ. ಹೆಚ್ಚಿನ ಕಡೆ ಕೊನೆಯ ದಿನ ಡಿಸೆಂಬರ್ ಮೊದಲ ವಾರದಿಂದ ಜನವರಿ ಆರಂಭದವರೆಗೆ. ಯಲ್ಲಾಪುರದ ಕರೆಂಟು, ನೆಟ್‌ವರ್ಕ್ ನಂಬಿ ಕೊನೆಯ ರಾತ್ರಿಗೆ ಇಡಬೇಡಿ. ಅರ್ಜಿ ಶುಲ್ಕ ಹಲವೆಡೆ 75ರಿಂದ 100 ಡಾಲರ್. ಎಂಟು ಕಡೆ ಹಾಕಿದರೆ ಸಣ್ಣ ಮೊತ್ತವಲ್ಲ. ಆದರೆ ವಿಭಾಗದ ಕಚೇರಿಗೆ ಮನೆಯ ಸ್ಥಿತಿ ವಿವರಿಸಿ ವಿನಯದಿಂದ ಬರೆದರೆ ಕೆಲವರು ಮನ್ನಾ ಮಾಡುತ್ತಾರೆ. ಕೇಳುವುದರಲ್ಲಿ ನಾಚಿಕೆಯಿಲ್ಲ. ಒಪ್ಪಿಗೆ ಬಂದರೆ ಉತ್ತರಿಸಲು ಏಪ್ರಿಲ್ 15ರವರೆಗೆ ಸಮಯವಿರುತ್ತದೆ. ನೆರವಿನ ಪತ್ರದ ಮೊತ್ತವನ್ನು ವೀಸಾ ದಾಖಲೆಯಲ್ಲೇ ನಮೂದಿಸುವುದರಿಂದ ಬೇರೆಯವರ ದುಡ್ಡು ಖಾತೆಗೆ ಹಾಕಿ ತೋರಿಸುವ ಅಗತ್ಯ ಬೀಳುವುದಿಲ್ಲ. ಮದುವೆಯಾದವರು ಒಂದು ಮಾತು ತಿಳಿದಿರಲಿ: ಸಂಗಾತಿಯ ವೀಸಾದಲ್ಲಿ ಹೋದವರು ಅಲ್ಲಿ ದುಡಿಯುವಂತಿಲ್ಲ.

ಕೇಂದ್ರದ ‘ಪಢೋ ಪರದೇಶ್’ ಬಡ್ಡಿ ಸಹಾಯಧನವನ್ನೂ ಮೌಲಾನಾ ಆಜಾದ್ ಫೆಲೋಶಿಪ್‌ ಅನ್ನೂ 2022-23ರಿಂದ ನಿಲ್ಲಿಸಲಾಗಿದೆ. ಅದನ್ನು ನಂಬಿ ಕೂರಬೇಡಿ. ಜೊತೆಗೇ ಸಿ.ಎಸ್.ಐ.ಆರ್. ನೆಟ್ ಪರೀಕ್ಷೆಯನ್ನೂ ಬರೆಯಿರಿ, ಜೆ.ಆರ್.ಎಫ್. ಸಿಕ್ಕರೆ 2023ರ ಜನವರಿಯಿಂದ ಜಾರಿಯಾದ ದರದಂತೆ ತಿಂಗಳಿಗೆ 37,000 ರೂಪಾಯಿ ಪಡೆದು ಇಲ್ಲಿಯೇ ಸಂಶೋಧನೆ ಮಾಡಬಹುದು.

ಉಳಿಯುವುದು ಪರೀಕ್ಷಾ ಶುಲ್ಕ, ಅರ್ಜಿ ಶುಲ್ಕ, ವೀಸಾ ಖರ್ಚು, ವಿಮಾನದ ಟಿಕೆಟ್ ಮತ್ತು ಮೊದಲ ಭತ್ಯೆ ಕೈಸೇರುವವರೆಗಿನ ಬಾಡಿಗೆ, ಊಟ. ಪರೀಕ್ಷೆ ಮತ್ತು ಅರ್ಜಿಯ ಶುಲ್ಕಕ್ಕೆ ಝಕಾತ್‌ಗೆ ಅರ್ಹರಾದವರು ಟ್ರಸ್ಟಿನ ವಿದ್ಯಾರ್ಥಿವೇತನ ಸಮಿತಿಗೆ ಬರೆಯಬಹುದು. ಟಿಕೆಟ್ ಮತ್ತು ಮೊದಲ ತಿಂಗಳುಗಳ ಖರ್ಚಿಗೆ ಕರ್ಜೆ ಹಸನಾ ಕೇಳಬಹುದು. ಬಡ್ಡಿಯಿಲ್ಲ, ಭತ್ಯೆ ಬರತೊಡಗಿದ ಮೇಲೆ ಕಂತಿನಲ್ಲಿ ತೀರಿಸಿದರಾಯಿತು. ಅರ್ಜಿಯ ಜೊತೆ ಅಂಕಪಟ್ಟಿ, ಪಾಸ್‌ಪೋರ್ಟಿನ ಪ್ರತಿ, ಅರ್ಜಿ ಹಾಕಲಿರುವ ವಿಭಾಗಗಳ ಪಟ್ಟಿ ಇರಲಿ. ಡಿಸೆಂಬರಿನ ಗಡುವಿಗೆ ಹೊರಟವರು ಆಗಸ್ಟ್ ತಿಂಗಳೊಳಗೆ ಸಮಿತಿಯನ್ನು ಕಾಣಬೇಕು.