ವಂಶವೃಕ್ಷಕ್ಕೇ ನಿಂತುಬಿಡಬೇಡ

ಮಗಳೇ, ಬಾಳೆಯ ನಿಯಂತ್ರಕ ಪ್ರೋಟೀನುಗಳ ಮೇಲೆ ಸಂಶೋಧನೆ ಮಾಡುತ್ತೇನೆ ಅಂದೆಯಲ್ಲ, ಕೇಳಿ ಬಹಳ ಸಂತೋಷವಾಯಿತು. ಯಾವ ಜೀನ್ ಯಾವಾಗ ಕೆಲಸಕ್ಕಿಳಿಯಬೇಕು, ಯಾವಾಗ ಸುಮ್ಮನಿರಬೇಕು ಎನ್ನುವುದೆಲ್ಲ ಇವುಗಳ ಅಂಕೆಯಲ್ಲಿದೆ. ಕಾಯಿ ಹಣ್ಣಾಗುವುದರಲ್ಲೂ ರೋಗಕ್ಕೆ ಗಿಡ ಎದುರು ನಿಲ್ಲುವುದರಲ್ಲೂ ಇವುಗಳ ಕೈಯಿದೆ.

2012ರಲ್ಲಿ ಪಹಾಂಗ್ ಎಂಬ ಕಾಡುಬಾಳೆಯ ಜೀನೋಮ್ ಪ್ರಕಟವಾಯಿತು. ಸುಮಾರು 36,500 ಜೀನುಗಳ ಆ ಪಟ್ಟಿ ಎಲ್ಲರಿಗೂ ಸಿಗುತ್ತದೆ. ತಂತ್ರಾಂಶಕ್ಕೆ ಕೊಟ್ಟರೆ ನಿಯಂತ್ರಕಗಳಲ್ಲಿ ವರ್ಕಿ ಎಂಬ ಕುಟುಂಬದ್ದು ಇಷ್ಟು, ಮ್ಯಾಡ್ಸ್ ಎಂಬ ಕುಟುಂಬದ್ದು ಇಷ್ಟು ಎಂದು ಲೆಕ್ಕ ಬರುತ್ತದೆ, ವಂಶವೃಕ್ಷವೂ ಬರುತ್ತದೆ. ಅಷ್ಟಕ್ಕೇ ಪ್ರಬಂಧ ಮುಗಿಸುವವರು ಈಗ ಬಹಳ. ನೀನು ಹಾಗೆ ಮಾಡಬೇಡ.

ಮೊದಲು ಸರಣಿಗಳನ್ನು ಸಾಲಾಗಿ ಜೋಡಿಸಿ ಕಣ್ಣಾರೆ ಓದು. ವರ್ಕಿ ಪ್ರೋಟೀನಿನಲ್ಲಿ ಡಿಎನ್‌ಎಯನ್ನು ಹಿಡಿಯುವ ಭಾಗ ಸುಮಾರು 60 ಅಮೈನೋ ಆಮ್ಲಗಳದ್ದು. ಅದರ ಮಡಿಕೆಯನ್ನು ಸತುವಿನ ಒಂದು ಅಯಾನು ಬಿಗಿಯಾಗಿ ಕೂರಿಸಿರುತ್ತದೆ. ಅದರೊಳಗೆ ಏಳು ಅಮೈನೋ ಆಮ್ಲಗಳ ಒಂದು ಸರಣಿ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಆರನೆಯ ಜಾಗದಲ್ಲಿ ಗ್ಲುಟಮಿನ್ ಹೋಗಿ ಲೈಸಿನ್ ಬಂದರೂ ಸಾಕು, ಡಿಎನ್‌ಎ ಮೇಲಿನ ಹಿಡಿತವೇ ಬೇರೆಯಾಗುತ್ತದೆ. ಅಂಥ ಒಂದು ಅಕ್ಷರ ವಂಶವೃಕ್ಷದಲ್ಲಿ ಕಾಣುವುದಿಲ್ಲ.

ಬಾಳೆಯ ಪೂರ್ವಜರಲ್ಲಿ ಇಡೀ ಜೀನೋಮ್ ಮೂರು ಬಾರಿ ಇಮ್ಮಡಿಯಾಗಿದೆ. ಹಾಗಾಗಿ ಒಂದೊಂದು ನಿಯಂತ್ರಕಕ್ಕೂ ಹಲವು ಅಕ್ಕತಂಗಿಯರು ಉಳಿದುಕೊಂಡಿರಬಹುದು. ರೂಪ ಒಂದೇ ಎಂದು ಕೆಲಸವೂ ಒಂದೇ ಎಂದುಕೊಳ್ಳಬೇಡ. ಪ್ರೋಟೀನಿನ ಆಕಾರವನ್ನು ಊಹಿಸುವ ಆಲ್ಫಾಫೋಲ್ಡ್ ತಂತ್ರಾಂಶ ತೋರಿಸುವುದನ್ನೂ ಎಚ್ಚರದಿಂದ ನೋಡು: ನೀಲಿ ಭಾಗವನ್ನು ನಂಬಬಹುದು, ಕಿತ್ತಳೆ ಬಣ್ಣದ್ದು ಬರೀ ಊಹೆ. ಹಾಗೆಂದು ಅದನ್ನು ಕತ್ತರಿಸಿ ಎಸೆಯಬೇಡ. ಬೇರೆ ಪ್ರೋಟೀನುಗಳೊಡನೆ ಕೈಜೋಡಿಸುವುದು ಎಷ್ಟೋ ಸಲ ಆ ಸಡಿಲ ಭಾಗವೇ.

ಇನ್ನೊಂದು ಮಾತು. ನಾವು ಬೆಳೆಯುವ ಬಾಳೆಯ ಜೀನೋಮುಗಳು ಎ, ಬಿ ಎಂಬ ಎರಡು ಕಾಡುಬಾಳೆ ಮೂಲಗಳಿಂದ ಬಂದವು; ನಮ್ಮ ನಂಜನಗೂಡು ರಸಬಾಳೆಯಲ್ಲಿ ಎರಡು ಎ ಜೀನೋಮ್, ಒಂದು ಬಿ ಜೀನೋಮ್ ಇವೆ. ಪಹಾಂಗ್‌ನದು ಎ ಮಾತ್ರ. ಪಹಾಂಗ್ ಪಟ್ಟಿಯೊಂದನ್ನೇ ನಂಬಿದರೆ ಬಿ ಕಡೆಯಿಂದ ಬಂದದ್ದು ನಿನ್ನ ಕಣ್ಣಿಗೇ ಬೀಳದೆ ಹೋಗಬಹುದು. ಶಿಲೀಂಧ್ರದಿಂದ ಬರುವ ಪನಾಮಾ ಸೊರಗು ರೋಗ ರಸಬಾಳೆಯನ್ನು ಎಷ್ಟೋ ತೋಟಗಳಿಂದ ಅಳಿಸಿಬಿಟ್ಟಿದೆ. ರೋಗ ಬಿದ್ದ ಗಿಡದ ಗೆಡ್ಡೆಯನ್ನು ಸೀಳಿ ನೋಡು, ನೀರು ಸಾಗಿಸುವ ನಾಳಗಳೆಲ್ಲ ಕೆಂಪು-ಕಂದು ಗೆರೆಗಳಾಗಿರುತ್ತವೆ. ಆ ಹೊತ್ತಿಗೆ ನಿನ್ನ ಪಟ್ಟಿಯ ಯಾವ ಪ್ರೋಟೀನು ಬೇರಿನಲ್ಲಿ ಎಚ್ಚೆತ್ತಿತ್ತು, ಯಾವುದು ಸುಮ್ಮನಿತ್ತು ಎನ್ನುವುದನ್ನು ಪತ್ತೆ ಹಚ್ಚು.

ಅದಕ್ಕೆ ತೋಟಕ್ಕೇ ಹೋಗಬೇಕು. ರೈತರನ್ನು ಕೇಳಿ, ರೋಗದ ಗಿಡದ್ದೂ ಆರೋಗ್ಯದ ಗಿಡದ್ದೂ ಬೇರು ತೆಗೆದು, ಅಲ್ಲೇ ದ್ರವ ಸಾರಜನಕಕ್ಕೆ ಹಾಕು. ಹೊರಡುವ ಮುಂಚೆ ಬೂಟು, ಗುದ್ದಲಿಗಳ ಮಣ್ಣನ್ನು ಪೂರ್ತಿ ತೊಳೆದುಕೋ. ಆ ಶಿಲೀಂಧ್ರ ಬಾಳೆ ಇಲ್ಲದ ಮಣ್ಣಿನಲ್ಲೂ ವರ್ಷಗಟ್ಟಲೆ ಬದುಕಿರುತ್ತದೆ.