ಕೊನೆಯ ಪುಟ ಮೊದಲು

ಗುಬ್ಬಿ ತಾಲ್ಲೂಕಿನಲ್ಲಿ ಮುಖ್ಯ ಶಿಕ್ಷಕನಾಗಿದ್ದಾಗ ಕೋರ್ಟಿನ ಸುದ್ದಿ ನನ್ನ ಮೇಜಿಗೆ ಬರುತ್ತಿದ್ದುದು ವಾಟ್ಸಾಪ್‌ನ ಎರಡು ಸಾಲಿನಲ್ಲಿ. ಯಾವ ಕೋರ್ಟು, ಯಾರ ಅರ್ಜಿ, ಆದೇಶ ಯಾರಿಗೆ ಅನ್ವಯ, ಒಂದೂ ಇರುತ್ತಿರಲಿಲ್ಲ. ತುಮಕೂರಿನ ವಕೀಲ ಗೆಳೆಯರೊಬ್ಬರು ಹೇಳಿದರು: ‘ಮೇಷ್ಟ್ರೇ, ತೀರ್ಪಿನ ಕೊನೆಯ ಪುಟ ಮೊದಲು ಓದಿ.’ ಅದಕ್ಕೆ ಅವರು ತೆಗೆದ ಉದಾಹರಣೆ ನಮ್ಮೂರಿನದೇ.

ಮೋಹಿನಿ ಜೈನ್ ಮೊಕದ್ದಮೆ. ಮೀರತ್‌ನ ಈ ವಿದ್ಯಾರ್ಥಿನಿ 1991ರಲ್ಲಿ ತುಮಕೂರಿನ ಅಗಳಕೋಟೆಯ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜಿಗೆ ಸೇರಬೇಕೆಂದಿದ್ದರು. ರಾಜ್ಯ ಸರ್ಕಾರದ 1989ರ ಅಧಿಸೂಚನೆಯಂತೆ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕರ್ನಾಟಕದವರಿಗೆ 25,000, ಹೊರರಾಜ್ಯದವರಿಗೆ 60,000ದವರೆಗೆ. ಅವರು ನೇರ ಸುಪ್ರೀಂ ಕೋರ್ಟಿಗೆ ಹೋದರು. 1992ರ ಜುಲೈ 30ರಂದು ನ್ಯಾಯಮೂರ್ತಿಗಳಾದ ಕುಲದೀಪ್ ಸಿಂಗ್ ಮತ್ತು ಆರ್.ಎಂ. ಸಹಾಯ್, ಶಿಕ್ಷಣ ಪ್ರಜೆಯ ಹಕ್ಕು, ಈ 60,000 ಕ್ಯಾಪಿಟೇಷನ್ ಶುಲ್ಕವೇ ಎಂದರು. ಇಷ್ಟು ಎಲ್ಲರಿಗೂ ಗೊತ್ತು. ಕೊನೆಯಲ್ಲಿ ಏನಿದೆ? ಮೋಹಿನಿ ಜೈನ್‌ಗೆ ಸೀಟು ಕೊಡಿ ಎಂದು ಕೋರ್ಟು ಹೇಳಲಿಲ್ಲ. ಅವರು ಮೆರಿಟ್‌ನಲ್ಲಿ ಬಂದವರಲ್ಲ, ತರಗತಿಗಳೂ ಆಗಲೇ ಶುರುವಾಗಿವೆ ಎಂಬುದು ಕಾರಣ. ದೇಶಕ್ಕೆಲ್ಲ ಹಕ್ಕು ಸಿಕ್ಕಿತು, ಕೇಳಿದಾಕೆಗೆ ಸೀಟು ಸಿಗಲಿಲ್ಲ.

ಅಲ್ಲಿಗೂ ಮುಗಿಯಲಿಲ್ಲ. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಆ ಹಕ್ಕನ್ನು 14 ವರ್ಷದವರೆಗೆ ಎಂದು ಕತ್ತರಿಸಿತು. 2002ರಲ್ಲಿ ಸಂವಿಧಾನಕ್ಕೆ 21ಎ ವಿಧಿ ಬಂತು, 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಜಾರಿಯಾಯಿತು. ಆದರೂ 1992ರ ತೀರ್ಪೊಂದನ್ನೇ ಹಿಡಿದು ಕಾಲೇಜು ಓದೂ ಮೂಲಭೂತ ಹಕ್ಕು ಎಂದು ಭಾಷಣ ಮಾಡುವವರು ನಮ್ಮ ಶಿಕ್ಷಕರ ದಿನಾಚರಣೆಗಳಲ್ಲಿ ಈಗಲೂ ಸಿಗುತ್ತಾರೆ.

2024ರ ಮಾರ್ಚ್‌ನಲ್ಲಂತೂ ವಕೀಲ ಗೆಳೆಯರ ಆ ಸಲಹೆಯ ಪರೀಕ್ಷೆಯೇ ನಡೆಯಿತು. 5, 8, 9ನೇ ತರಗತಿಯ ಮಂಡಳಿ ಪರೀಕ್ಷೆಯನ್ನು 6ರಂದು ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡಿತು. 7ರಂದು ವಿಭಾಗೀಯ ಪೀಠ ಅದಕ್ಕೆ ತಡೆ ಕೊಟ್ಟಿತು. 11ರಂದು ಮಕ್ಕಳು ಬರೆಯಲು ಕೂತರು. 12ರಂದು ಸುಪ್ರೀಂ ಕೋರ್ಟು ಆ ತಡೆಯನ್ನೇ ತೆಗೆದುಹಾಕಿತು. 22ರಂದು ವಿಭಾಗೀಯ ಪೀಠ ಪರೀಕ್ಷೆಗೆ ಮತ್ತೆ ಒಪ್ಪಿತು. ಉಳಿದ ಪತ್ರಿಕೆಗಳೂ ಮುಗಿದ ಮೇಲೆ, ಏಪ್ರಿಲ್ 8ರಂದು, ಫಲಿತಾಂಶಕ್ಕೆ ಸುಪ್ರೀಂ ಕೋರ್ಟಿನ ತಡೆ! ಪ್ರತಿ ಸಲವೂ ‘ನಾಳೆ ಪರೀಕ್ಷೆ ಇದೆಯೋ ಇಲ್ಲವೋ ಸಾರ್?’ ಎಂಬ ಫೋನು. ತಡೆಯಾಜ್ಞೆ ಅಂತಿಮ ತೀರ್ಪಲ್ಲ, ಇಲಾಖೆಯ ಸುತ್ತೋಲೆ ಬರುವ ತನಕ ಉತ್ತರಪತ್ರಿಕೆ ಬೀರುವಿನಲ್ಲೇ ಇರಲಿ ಎಂದು ಸಹೋದ್ಯೋಗಿಗಳಿಗೆ ಹೇಳುತ್ತಿದ್ದೆ. ಕೋರ್ಟುಗಳ ಮೇಲೆ ಸಿಟ್ಟಾದವರಿದ್ದರು. ಪರೀಕ್ಷೆಯ ಹೊತ್ತಿಗೆ ನಿಯಮ ಬದಲಿಸುವ ಸರ್ಕಾರದ ಮೇಲೆಯೇ ನನ್ನ ಸಿಟ್ಟು.

ಕುಣಿಗಲ್‌ಗೆ ವರ್ಗವಾದ ಮೇಲೆ ಬಂದ ಸಮಸ್ಯೆ ಸಣ್ಣದು. ಶುಲ್ಕ ಬಾಕಿಯೆಂದು ಖಾಸಗಿ ಶಾಲೆಯೊಂದು 5ನೇ ತರಗತಿ ಮುಗಿಸಿದ ಹುಡುಗಿಯ ಟಿ.ಸಿ. ಹಿಡಿದುಕೊಂಡಿತ್ತು. ‘ಟಿ.ಸಿ. ಇಲ್ದೆ ಹೆಂಗೆ ಸೇರಿಸ್ಕೊಳ್ಳೋದು ಸಾರ್?’ ಎಂದರು ನಮ್ಮ ಶಿಕ್ಷಕಿ. ಇದಕ್ಕೆ ಯಾವ ತೀರ್ಪೂ ಬೇಕಿರಲಿಲ್ಲ. ಆರ್‌ಟಿಇ ಕಾಯ್ದೆಯ 5ನೇ ಸೆಕ್ಷನ್ ಸಾಕು: ಸರ್ಕಾರಿ ಶಾಲೆಗೆ ಹೊರಟ ಮಗುವಿಗೆ ಮುಖ್ಯ ಶಿಕ್ಷಕರು ಕೂಡಲೇ ಟಿ.ಸಿ. ಕೊಡಬೇಕು, ಅದು ತಡವಾಯಿತೆಂದು ಹೊಸ ಶಾಲೆ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. ಆ ಸಾಲುಗಳನ್ನು ದಾಖಲಾತಿ ಅರ್ಜಿಯ ಹಿಂದೆಯೇ ಬರೆದು ಸಹಿ ಹಾಕಿ, ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕಳಿಸಿದೆ. ಹುಡುಗಿ ಅಂದೇ ಬಿಸಿಯೂಟಕ್ಕೆ ಕೂತಳು. ಬಾಕಿ ಶುಲ್ಕದ ಜಗಳ ಆಕೆಯ ಅಪ್ಪನಿಗೂ ಆ ಶಾಲೆಗೂ ಇದ್ದದ್ದು, ಅದು ನಮ್ಮ ಕಡತಕ್ಕೆ ಬರಲಿಲ್ಲ.